ಊಟದ ಹೊತ್ತಿನಲ್ಲಿ ಮಿಟುಕಿದ ಹೆಸರು

ನನಗೆ ಯಾವ ವರ್ಷ ಬಡ್ತಿ ಸಿಕ್ಕಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂದು ದಯವಿಟ್ಟು ಕೇಳಬೇಡಿ. ಕಂಪ್ಯೂಟರ್ ಕೆಲಸಕ್ಕೆ ಸೇರುವ ಮಕ್ಕಳು ಮನೆಗೆ ಬಂದಾಗಲೆಲ್ಲ ಅದನ್ನೇ ಕೇಳುತ್ತಾರೆ. ನನಗೆ ಹೇಳಬೇಕೆನ್ನಿಸುವುದು ಬೇರೆ. ಪರದೆಯ ಮೇಲೆ ಅಕ್ಷರಕ್ಕೆ ಬಣ್ಣ ಹಾಕಿದವರು ಆ ಬಣ್ಣ ಎಲ್ಲಿ ನಿಂತಿತು ಎನ್ನುವುದನ್ನೂ ನೋಡಬೇಕು. ನಾನು ಒಂದು ಸಲ ನೋಡಲಿಲ್ಲ. ಅದರಿಂದ ದಂಡಿನಶಿವರದ ಒಬ್ಬ ಹೆಂಗಸಿನ ಹೆಸರು ತಿಪಟೂರಿನ ಒಂದು ಮಂಡಿಯಲ್ಲಿ, ನಾಲ್ಕು ಜನರ ಎದುರಿಗೆ ಕೆಟ್ಟಿತು. ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ. ನಡುವೆ ಬೇರೆ ಮಾತು ನುಗ್ಗಿದರೆ, ವಯಸ್ಸಾದವಳು ಎಂದು ಸಹಿಸಿಕೊಳ್ಳಿ.

ನಾನು ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ, ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮದು ಕೊಬ್ಬರಿ ಮಂಡಿ. ಬೆಳೆಗಾರರು ಉಂಡೆ ಕೊಬ್ಬರಿಯನ್ನು ಗೋಣಿಚೀಲಗಳಲ್ಲಿ ತಂದು ಇಳಿಸಿ, ಪರೀಕ್ಷೆ ಮಾಡಿಸಿ ಮಾರುವ ಉದ್ದನೆಯ ಹಜಾರ. ಗೋಡೆ ಬದಿಗೆ ಚೀಲಗಳು, ನಡುವೆ ಜನ, ಮೂಲೆಯಲ್ಲಿ ನಾನು ಮತ್ತು ನನ್ನ ಟೈಪ್‌ರೈಟರ್. ಆ ಮಂಡಿಯಲ್ಲಿ ಕುರ್ಚಿಯ ಮೇಲೆ ಕೂರುವ ಹೆಂಗಸು ನಾನೊಬ್ಬಳೇ. ಮೊದಮೊದಲು ಬೆಳೆಗಾರರು ನನ್ನ ಮುಖ ನೋಡದೆ ಟೈಪ್‌ರೈಟರಿನ ಜತೆಗೇ ಮಾತಾಡುತ್ತಿದ್ದರು. ಆರು ತಿಂಗಳು ಕಳೆದ ಮೇಲೆ ಎಲ್ಲರಿಗೂ ವನಜಕ್ಕ ಆದೆ.

ಹೆಸರು ಕೂಗುವ ಕೆಲಸ ರುದ್ರಯ್ಯನವರದು. ಕಂದಿಕೆರೆ ಕಡೆಯವರು. ಅವರು ಹಜಾರದ ಈ ತುದಿಯಲ್ಲಿ ನಿಂತು ಕೂಗಿದರೆ ರಸ್ತೆಯಾಚೆ ಟೀ ಕುಡಿಯುತ್ತಿದ್ದವನು ಲೋಟ ಇಟ್ಟು ಓಡಿ ಬರುತ್ತಿದ್ದ. ಅವರಿಗೆ ಓದು ಅಷ್ಟಕ್ಕಷ್ಟೆ. ಅವರು ಓದುತ್ತಿದ್ದದ್ದು ಚೀಲದ ಬಾಯಿಯನ್ನು. ನಮ್ಮ ಮಂಡಿಗೆ ಬರುವ ಮನೆಗಳಲ್ಲಿ ಒಂದು ಪದ್ಧತಿ ಇತ್ತು: ಚೀಲದ ಬಾಯಿ ಹೊಲಿಯುವ ದಾರವೇ ಮನೆಯ ಗುರುತು. ಒಬ್ಬರದು ನೀಲಿ ದಾರ, ಒಬ್ಬರದು ಹಸಿರಿನಲ್ಲಿ ಜೋಡಿ ಹೊಲಿಗೆ, ಇನ್ನೊಬ್ಬರದು ಕೊನೆಯಲ್ಲಿ ಮೂರು ಗಂಟು. ರುದ್ರಯ್ಯನವರು ದಾರ ನೋಡಿದೊಡನೆ ಊರು, ಮನೆ, ಮನೆಯವರ ಅಪ್ಪನ ಹೆಸರು ಎಲ್ಲ ಹೇಳುತ್ತಿದ್ದರು. ನಾನು ಚೀಟಿಗಳಲ್ಲಿ ಹುಡುಕುವಷ್ಟರಲ್ಲಿ ಅವರು ಕೂಗಿ ಮುಗಿಸಿರುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕೆಲಸ ಕಡಿಮೆ ಇದ್ದ ಒಂದು ದಿನ ಟೈಪ್‌ರೈಟರಿನಲ್ಲಿ ಎಕ್ಸ್ ಮತ್ತು ಸೊನ್ನೆಗಳನ್ನೇ ಹೊಡೆದು ಒಂದು ತೆಂಗಿನಮರ ಬಿಡಿಸಿದ್ದೆ. ಮಂಡಿಯ ಸಾಹುಕಾರರು ಅದನ್ನು ನೋಡಿ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದರು. ಎಂಬತ್ತರ ದಶಕದ ಕೊನೆಗೆ ಅವರು ಕಂಪ್ಯೂಟರ್ ತರಿಸಿದಾಗ ಅದರ ಮುಂದೆ ಯಾರನ್ನು ಕೂರಿಸಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. "ಮರ ಬರೆದವಳು ನಮ್ಮ ವನಜಾಕ್ಷಿ ಕಣ್ರೀ, ಇದೇನು ಮಹಾ" ಎಂದುಬಿಟ್ಟರು. ನನ್ನ ಕಂಪ್ಯೂಟರ್ ವಿದ್ಯೆಗೆ ಅರ್ಹತೆ ಅಷ್ಟೇ.

ಯಂತ್ರ ಬಂದ ದಿನದ ಪೂಜೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಾಹುಕಾರರು ಕಾಯಿ ಒಡೆದು ಅದರ ನೀರನ್ನು ಪ್ರೋಕ್ಷಣೆ ಮಾಡಲು ಹೊರಟರು. ಜೋಡಿಸಲು ಬಂದಿದ್ದ ಎಂಜಿನಿಯರ್ ಎರಡೂ ಕೈ ಚಾಚಿ ಅಡ್ಡ ನಿಂತ. ಕೊನೆಗೆ ನೀರು ಬೇಡ, ವಿಭೂತಿ ಆಗಬಹುದು ಎಂದು ರಾಜಿಯಾಯಿತು. ಸಾಹುಕಾರರು ಪರದೆಯ ಗಾಜಿನ ಮೇಲೆ ಮೂರು ಬೆರಳಿನಿಂದ ಅಗಲವಾಗಿ ಪಟ್ಟೆ ಎಳೆದರು. ಅದನ್ನು ಒರೆಸುವ ಧೈರ್ಯ ಯಾರಿಗಿತ್ತು? ಎರಡು ವಾರ ನಾನು ಆ ಪಟ್ಟೆಗಳ ಸಂದಿನಲ್ಲೇ ಅಕ್ಷರ ನೋಡುತ್ತಾ ಕೆಲಸ ಕಲಿತೆ.

ಯಂತ್ರ ಒಳಕೋಣೆಯಲ್ಲಿತ್ತು. ಅದರಿಂದ ಒಂದು ತಂತಿ ಎಳೆದು ಹಜಾರದಲ್ಲಿ ಎತ್ತರದ ಹಲಗೆಯ ಮೇಲೆ ಬಣ್ಣದ ಪರದೆಯ ಟರ್ಮಿನಲ್ ಒಂದನ್ನು ಇಟ್ಟಿದ್ದರು. ಎಂಜಿನಿಯರ್ ಹೋಗುವಾಗ ಆರೇಳು ಹಾಳೆಗಳ ಜೆರಾಕ್ಸ್ ಕೊಟ್ಟ. ಅದರಲ್ಲಿ ಬರೀ ಸಂಕೇತಗಳು. ಮೊದಲು ಎಸ್ಕೇಪ್, ಆಮೇಲೆ ಚೌಕದ ಕಂಸ, ಆಮೇಲೆ ಒಂದು ಸಂಖ್ಯೆ, ಕೊನೆಗೆ ಚಿಕ್ಕ ಎಂ. ಇಷ್ಟನ್ನು ಕಳಿಸಿದರೆ ಪರದೆ ಅದನ್ನು ಅಕ್ಷರವಾಗಿ ತೋರಿಸುವುದಿಲ್ಲ, ಅಪ್ಪಣೆಯಾಗಿ ತೆಗೆದುಕೊಳ್ಳುತ್ತದೆ. ಮೂವತ್ತೊಂದು ಎಂದರೆ ಕೆಂಪು. ಮೂವತ್ತೆರಡು ಹಸಿರು. ಐದು ಎಂದರೆ ಮಿಟುಕು. ಸೊನ್ನೆ ಎಂದರೆ ಇದುವರೆಗೆ ಹೇಳಿದ್ದನ್ನೆಲ್ಲ ಬಿಟ್ಟು ಮೊದಲಿನಂತಾಗು. ಮೊದಲ ಸಲ ನನ್ನ ಹೆಸರು ಕೆಂಪಗೆ ಬಂದಾಗ ಕೋಣೆಯಲ್ಲಿ ಒಬ್ಬಳೇ ಇದ್ದೆ. ಆದರೂ ಸೆರಗು ಸರಿಮಾಡಿಕೊಂಡೆ.

ಮೂವತ್ತಮೂರು ಹಳದಿ ಎಂದು ಹಾಳೆಯಲ್ಲಿತ್ತು. ನಮ್ಮ ಪರದೆಯಲ್ಲಿ ಅದು ಒಣಗಿದ ಕಾಯಿಸಿಪ್ಪೆಯ ಬಣ್ಣಕ್ಕೆ ಬರುತ್ತಿತ್ತು. ಅದರ ಜತೆ ಒಂದು ಎಂಬ ಸಂಖ್ಯೆ ಸೇರಿಸಿದರೆ ಮಾತ್ರ ಅರಿಸಿನದ ಹಳದಿ. ಇದನ್ನು ಯಾರೂ ಹೇಳಿಕೊಡಲಿಲ್ಲ, ಮೂರು ದಿನ ಹೆಣಗಿ ಕಂಡುಕೊಂಡೆ. ಆ ಹಳದಿ ಮುಂದೆ ನನ್ನ ಮಾನ ಉಳಿಸಿತು, ಅದನ್ನು ಆಮೇಲೆ ಹೇಳುತ್ತೇನೆ.

ಬಣ್ಣ ಬಂದ ಮೇಲೆ ಓಡಿಸುವ ಆಸೆ ಹುಟ್ಟಿತು. ಹೆಸರನ್ನು ಪರದೆಯ ಬಲತುದಿಯಲ್ಲಿ ಬರೆ, ಸ್ವಲ್ಪ ತಡೆ, ಒಂದು ಅಕ್ಷರದಷ್ಟು ಎಡಕ್ಕೆ ಮತ್ತೆ ಬರೆ. ನೋಡುವವರಿಗೆ ಹೆಸರು ನಡೆದಂತೆ ಕಾಣುತ್ತದೆ. ತಡೆಯುವುದಕ್ಕೆ ಯಂತ್ರಕ್ಕೆ ಸುಮ್ಮನೆ ಒಂದರಿಂದ ಮುನ್ನೂರರವರೆಗೆ ಎಣಿಸುವ ಶಿಕ್ಷೆ ಕೊಟ್ಟಿದ್ದೆ. ಎರಡು ವರ್ಷದ ನಂತರ ಚುರುಕಾದ ಯಂತ್ರ ಬಂದಾಗ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎಣಿಸಿ ಮುಗಿಸಿ, ಹೆಸರುಗಳೆಲ್ಲ ಬಸ್ಸು ತಪ್ಪಿಹೋಗುತ್ತಿರುವವರಂತೆ ಓಡಿದವು. ಅದು ಹಾಗಿರಲಿ. ಮೊದಲ ಪ್ರದರ್ಶನದ ದಿನ ಬಲಬದಿಯ ಹಳೆಯ ಅಕ್ಷರವನ್ನು ಅಳಿಸುವುದು ಮರೆತಿದ್ದೆ. ಹೊನ್ನವಳ್ಳಿಯ ಶಂಕರಪ್ಪನವರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹೊರಟಿತು. ಕೊನೆಯ 'ಎ' ಪರದೆಯ ಉದ್ದಕ್ಕೂ ಸಾಲುಗಟ್ಟಿ ಉಳಿಯಿತು. ಇಂಗ್ಲಿಷ್ ಬರುವ ಯಾರೋ ಅದನ್ನು ಇದ್ದ ಹಾಗೆಯೇ ಓದಿದರು: "ಶಂಕರಪ್ಪಾಆಆಆ!" ಹಜಾರ ಹಜಾರವೇ ನಕ್ಕಿತು. ಶಂಕರಪ್ಪನವರು ಎದ್ದು ನಿಂತು, "ಯಾಕಮ್ಮ ನನ್ನ ಇಷ್ಟುದ್ದ ಕರೀತೀಯ, ಇಲ್ಲೇ ಇವ್ನಿ" ಎಂದರು.

ಆ ತಪ್ಪಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ತಪ್ಪೆಂದರೆ ಇಷ್ಟೇ ಎಂದುಕೊಂಡೆ.

ಪರದೆಗೆ ಒಂದು ನಿಯಮ ಮಾಡಿದೆವು. ಸರದಿ ಬಂದವರ ಹೆಸರು ಬಿಳಿ, ಅಂದರೆ ಯಾವ ಬಣ್ಣವೂ ಹೇಳದೆ ಬರುವ ಅಕ್ಷರ. ಪರೀಕ್ಷೆಯಲ್ಲಿ ಎರಡು ಉಂಡೆ ಕುಟ್ಟಿದಾಗ ಟಣ್ ಎಂದು ಕೊಬ್ಬರಿ ಚೆನ್ನಾಗಿದ್ದರೆ ಹಸಿರು. ಬೂಷ್ಟು ಹಿಡಿದಿದ್ದರೆ, ಕಮಟು ವಾಸನೆ ಇದ್ದರೆ ಕೆಂಪು. ಮೊದಲ ವಾರ ಕೆಂಪು ಬಂದವರೇ ಖುಷಿಪಟ್ಟರು. "ಕುಂಕುಮದ ಬಣ್ಣ ಅಲ್ವೇನ್ರೀ ವನಜಕ್ಕ, ಒಳ್ಳೇದೇ ಅಂದ್ಕೋತಾರೆ ಜನ" ಎಂದು ರುದ್ರಯ್ಯನವರು ಆಗಲೇ ಹೇಳಿದ್ದರು. ನಾನು ಕೇಳಲಿಲ್ಲ, ಬಣ್ಣಗಳ ಅರ್ಥವನ್ನು ಹಲಗೆಯ ಮೇಲೆ ಬರೆಸಿದೆ. ಒಂದು ತಿಂಗಳಲ್ಲಿ ಎಲ್ಲರೂ ಕಲಿತರು. ಓದು ಬಾರದವರಿಗೂ ಕೆಂಪು ಎಂದರೆ ಏನೆಂದು ಗೊತ್ತಾಯಿತು.

ಅಷ್ಟರಲ್ಲಿ ಸಾಹುಕಾರರು ರುದ್ರಯ್ಯನವರಿಗೆ ಕೂಗುವ ಕೆಲಸ ಬಿಡಿಸಿ ಚೀಲ ಜೋಡಿಸುವುದನ್ನು ನೋಡಿಕೊಳ್ಳಲು ಹೇಳಿದ್ದರು. "ಗಂಟಲಿಗೆ ರಜ ಸಿಕ್ತು ಬುಡಿ" ಎಂದು ಅವರು ನಕ್ಕರು. ಅವರು ನಕ್ಕದ್ದರಿಂದ ನಾನು ಆ ವಿಷಯ ಮತ್ತೆ ಯೋಚಿಸಲಿಲ್ಲ.

ಸಿದ್ದಗಂಗಮ್ಮನವರು ದಂಡಿನಶಿವರದವರು, ಅರವತ್ತರ ಆಸುಪಾಸು. ತಮ್ಮ ತೋಟದ ಕೊಬ್ಬರಿಯನ್ನು ತಾವೇ ಟೆಂಪೋದಲ್ಲಿ ತರುತ್ತಿದ್ದರು. ಅವರ ಜತೆಗೆ ಅದೇ ಊರಿನ ಐದು ಮನೆಯ ಹೆಂಗಸರು ತಮ್ಮ ಪಾಲಿನ ಮರಗಳ ಕೊಬ್ಬರಿಯನ್ನೂ ಕಳಿಸುತ್ತಿದ್ದರು. ಗಂಡಸರ ಕೈಗೆ ಕೊಡದೆ ಸಿದ್ದಗಂಗಮ್ಮನವರ ಕೈಗೆ ಕೊಡುತ್ತಿದ್ದರು ಎಂದರೆ ಆ ನಂಬಿಕೆ ಎಂಥದ್ದೆಂದು ನೀವೇ ಊಹಿಸಿಕೊಳ್ಳಿ. ಅವರ ಚೀಲದಲ್ಲಿ ಒಂದು ಕೆಟ್ಟ ಉಂಡೆ ಸಿಕ್ಕಿದ್ದನ್ನು ನಮ್ಮ ಪರೀಕ್ಷೆಯವರು ಕಂಡಿರಲಿಲ್ಲ.

ಆ ದಿನ ಬೆಳಿಗ್ಗೆ ನನಗೆ ಒಂದು ಉಮೇದು ಬಂತು. ಕೆಂಪು ಸಾಲದು, ಮಿಟುಕಲಿ ಎಂದು ಐದನ್ನೂ ಸೇರಿಸಿದೆ. ಕೆಂಪಿನ ಆ ಸಾಲುಗಳನ್ನು ತಿದ್ದಿ ಬರೆಯುವಾಗ ಕೊನೆಯ ಸೊನ್ನೆಯ ಸಾಲು ಬಿಟ್ಟುಹೋಯಿತು. ಮಧ್ಯಾಹ್ನದವರೆಗೆ ಎಲ್ಲ ಹಸಿರೇ ಬಂದದ್ದರಿಂದ ತಪ್ಪು ಕಾಣಿಸಲಿಲ್ಲ. ಊಟಕ್ಕೆ ಮುಂಚೆ ಒಂದು ಚೀಲದಲ್ಲಿ ನಿಜವಾಗಿ ಬೂಷ್ಟು ಸಿಕ್ಕಿತು. ಆ ಹೆಸರು ಕೆಂಪಗೆ ಮಿಟುಕುತ್ತಾ ಹೋಯಿತು. ಮುಂದಿನ ಸರದಿ ಸಿದ್ದಗಂಗಮ್ಮನವರದು. ಅವರ ಹೆಸರನ್ನು ಒತ್ತಿ, ನಾನು ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಒಳಗೆ ಹೋದೆ. ಬಿಳಿಗೆ ನಾನು ಬಣ್ಣವನ್ನೇ ಹೇಳಿರಲಿಲ್ಲವಲ್ಲ. ಪರದೆ ಹಿಂದಿನ ಅಪ್ಪಣೆಯನ್ನೇ ಹಿಡಿದುಕೊಂಡಿತು. ಚೀಲದ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಸಿದ್ದಗಂಗಮ್ಮನವರ ಹೆಸರು ಕೆಂಪಗೆ ಮಿಟುಕುತ್ತಾ, ಬಲದಿಂದ ಎಡಕ್ಕೆ, ಮತ್ತೆ ಬಲದಿಂದ ಎಡಕ್ಕೆ, ನಾನು ಮಜ್ಜಿಗೆ ಅನ್ನ ಮುಗಿಸಿ ಕೈ ತೊಳೆಯುವವರೆಗೂ ಹಜಾರದಲ್ಲಿ ನಡೆಯಿತು.

ಅದನ್ನು ಓದಿ ಹೇಳಿದವರು ಅವರದೇ ಊರಿನ ಮೇಷ್ಟ್ರು. ಕೆಟ್ಟ ಮನಸ್ಸಿನಿಂದಲ್ಲ, ಪಾಪ. ನಾನು ಹೊರಗೆ ಬಂದಾಗ ರುದ್ರಯ್ಯನವರು ಖಾಲಿ ಜಾಗದ ಮುಂದೆ ನಿಂತಿದ್ದರು.

"ಸಿದ್ದಗಂಗವ್ವ ಹೊಂಟೋಯ್ತು ಕಣಮ್ಮ. ಚೀಲ ಎಲ್ಲಾ ಟೆಂಪೋಗೆ ಹಾಕಿಸ್ಕೊಂತು."

ನಾನು ತಲೆಯೆತ್ತಿ ಪರದೆ ನೋಡಿದೆ. ನೋಡಿದೊಡನೆ ಯಾವ ಸಾಲು ಬಿಟ್ಟಿದ್ದೇನೆಂದು ಗೊತ್ತಾಯಿತು. ಆದರೆ ನನ್ನ ಬಾಯಿಂದ ಬಂದದ್ದು, "ಕಂಪ್ಯೂಟರ್ ಏನೋ ತಪ್ಪು ಮಾಡಿದೆ" ಎಂಬ ಮಾತು. ಸಾಹುಕಾರರಿಗೆ ಅದು ಬಹಳ ಅನುಕೂಲವಾಯಿತು. "ಯಂತ್ರ ಮಾಡಿದ್ದಕ್ಕೆ ನಾವೇನು ಮಾಡಕ್ಕಾಗುತ್ತೆ, ಬುಡಮ್ಮ" ಎಂದರು. ಅವರು ಕೆಟ್ಟವರಲ್ಲ. ಎದುರಿಗೆ ನಿಂತ ಮನುಷ್ಯರನ್ನು ಬೈಯುವುದಕ್ಕೆ ಅವರಿಗೆ ಸಂಕೋಚ, ಅಷ್ಟೇ. ಬೈಸಿಕೊಳ್ಳುವುದನ್ನು ತಪ್ಪಿಸಿಕೊಂಡ ನನಗೆ ಆ ದಿನ ಹಾಯೆನಿಸಿತು. ಮಕ್ಕಳೇ, ಆ ಮಾತನ್ನು ನೀವೂ ಒಂದು ದಿನ ಆಡುತ್ತೀರಿ. ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಎಂದು ನನಗೆ ಗೊತ್ತು.

ಮುಂದಿನ ಸಂತೆಯ ದಿನ ದಂಡಿನಶಿವರದಿಂದ ಒಂದು ಚೀಲವೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಐದು ಹೆಂಗಸರೂ ಸಿದ್ದಗಂಗಮ್ಮನವರ ಮನೆಯಿಂದ ತಮ್ಮ ಚೀಲಗಳನ್ನು ವಾಪಸು ತೆಗೆದುಕೊಂಡರಂತೆ ಎಂಬ ಸುದ್ದಿಯನ್ನು ರುದ್ರಯ್ಯನವರೇ ತಂದರು. ನಾನು ಮತ್ತೆ ಯಂತ್ರದ ಮಾತು ತೆಗೆದೆ. ಅವರು ನನ್ನನ್ನೇ ನೋಡುತ್ತಾ, "ವನಜಕ್ಕ, ಆ ಯಂತ್ರಕ್ಕೆ ಕೈ ಐತಾ?" ಎಂದು ಕೇಳಿ ಚೀಲಗಳ ಕಡೆಗೆ ಹೋದರು. ಮೂವತ್ತೈದು ವರ್ಷದ ಕೆಲಸದಲ್ಲಿ ನಾನು ಅಷ್ಟು ನಾಚಿಕೆಪಟ್ಟದ್ದು ಇನ್ನೊಂದು ಸಲ ಇಲ್ಲ.

ಮಾರನೆಯ ದಿನ ರಜ ಹಾಕಿ ಬಸ್ಸು ಹತ್ತಿದೆ.

ಸಿದ್ದಗಂಗಮ್ಮನವರು ಅಟ್ಟದಿಂದ ಇಳಿಸಿದ ಕಾಯಿಗಳ ನಡುವೆ ಕೂತಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಈ ಕಡೆಗೆ, ಇಲ್ಲವಾದರೆ ಆ ಕಡೆಗೆ ಇಡುತ್ತಿದ್ದರು. ನಾನು ಯಾರೆಂದು ಹೇಳಿದೆ.

"ಓಹೋ, ನೀನೇನವ್ವ ಅದು" ಎಂದರು. ಎದ್ದುಹೋಗಿ ಬೆಲ್ಲ, ನೀರು ತಂದು ಮುಂದಿಟ್ಟರು. ನೀರು ಕುಡಿದು ನಾನೇ ಶುರುಮಾಡಿದೆ.

"ತಪ್ಪು ನಂದು ಕಣಮ್ಮ. ಯಂತ್ರದ್ದಲ್ಲ. ಒಂದು ಸಾಲು ಬರೆಯೋದು ಮರೆತೆ. ನಿಮ್ಮ ಕೊಬ್ಬರೀಲಿ ಏನೂ ಇರಲಿಲ್ಲ."

"ಇದ್ನ ನಂಗ್ಯಾಕೆ ಹೇಳ್ತೀಯ? ನನ್ ಕೊಬ್ಬರಿ ಹೆಂಗೈತೆ ಅಂತ ನಂಗೊತ್ತಿಲ್ವಾ?"

ಅವರು ಒಂದು ಕಾಯಿಯನ್ನು ನನ್ನ ಕೈಗಿಟ್ಟರು. "ಹೇಳು, ಇದು ಆಗೈತಾ?" ಗೊತ್ತಾಗದೆ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಲೊಟಗುಟ್ಟಿತು. ಆಗಿದೆ ಎಂದೆ.

"ನೋಡು, ಕಾಯಿ ಕೊಟ್ರೆ ನೀನೂ ಅಲ್ಲಾಡಿಸಿ ಕೇಳ್ದೆ. ಅವತ್ತು ನನ್ ಚೀಲ ಬಿಚ್ಚಿ ಯಾರಾದ್ರೂ ಕೇಳಿದ್ರಾ?" ಅವರ ದನಿ ಏರಲಿಲ್ಲ. "ಆ ಐದು ಜನ ಹೆಣ್ಮಕ್ಳು ಬಂದು, ನನ್ ಮುಖ ನೋಡ್ದಂಗೆ ಚೀಲ ಎತ್ಕೊಂಡೋದ್ರು. ಬೈದಿದ್ರೆ ಆಗಿತ್ತು ಕಣವ್ವ. ಬೈಯ್ಲೂ ಇಲ್ಲ."

ನಾನು ಆ ಹೆಂಗಸರ ಮನೆಗಳಿಗೆ ಹೋಗಿ ಹೇಳುತ್ತೇನೆಂದೆ. ಅವರು ತಲೆಯಾಡಿಸಿದರು. "ಮನೆಮನೇಲಿ ಪಿಸುಪಿಸು ಅಂದ್ರೆ ಯಾರು ನಂಬ್ತಾರೆ? ಎಲ್ಲಿ ಕೆಡಿಸಿದ್ಯೋ ಅಲ್ಲೇ ಸರಿ ಮಾಡು. ಅದೇ ಪೆಟ್ಟಿಗೇಲಿ. ನಂಗೆ ಓದಕ್ಕೆ ಬರಲ್ಲ, ಆ ಹೆಣ್ಮಕ್ಳಿಗೂ ಬರಲ್ಲ. ನೋಡಿದ ತಕ್ಷಣ ಇದು ನಂದೇ ಅಂತ ನಮಗೆ ಗೊತ್ತಾಗಂಗೆ ಮಾಡು. ಇನ್ನೊಬ್ರು ಓದಿ ಹೇಳೋದು ಬ್ಯಾಡ. ಆವಾಗ ಅವ್ರನ್ನೂ ಕರ್ಕಂಡು ಬತ್ತೀನಿ."

ನಮ್ಮ ಪರದೆಯಲ್ಲಿ ಕನ್ನಡ ಅಕ್ಷರವೇ ಇರಲಿಲ್ಲ. ಇದ್ದಿದ್ದರೂ ಪ್ರಯೋಜನ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅತ್ತಿತ್ತ ನೋಡುವಾಗ ಗೋಡೆಗೊರಗಿದ್ದ ಚೀಲ ಕಣ್ಣಿಗೆ ಬಿತ್ತು. ಬಾಯಿಗೆ ಒಂದು ಹೊಲಿಗೆ ಕೆಂಪು, ಒಂದು ಹೊಲಿಗೆ ಅರಿಸಿನದ ಹಳದಿ. ಹತ್ತಿರ ಹೋಗಿ ಹೊಲಿಗೆಗಳನ್ನು ನೋಡಿಕೊಂಡೆ. ಅವು ಕತ್ತರಿ ಹೊಲಿಗೆಗಳು, ಥೇಟ್ ನನ್ನ ಟೈಪ್‌ರೈಟರಿನ ಎಕ್ಸ್.

ಸಾಹುಕಾರರು ಮೊದಲು ಒಪ್ಪಲಿಲ್ಲ. "ಮಂಡಿ ತಪ್ಪು ಮಾಡಿತು ಅಂತ ನಾವೇ ಡಂಗುರ ಹೊಡೀಬೇಕಾ?" ಎಂದರು. "ಮಂಡಿ ಹೆಸರು ಬೇಡ ಸಾವ್ಕಾರ್ರೇ, ನನ್ನ ಹೆಸರು ಹಾಕ್ತೀನಿ" ಎಂದೆ. ಅವರು ಗೋಡೆಯ ಮೇಲಿದ್ದ ನನ್ನ ತೆಂಗಿನಮರವನ್ನು ಒಂದು ಗಳಿಗೆ ನೋಡಿ, "ಏನಾದ್ರೂ ಮಾಡ್ಕೋ" ಎಂದರು.

ನಾಲ್ಕು ದಿನ ಅದೇ ಕೆಲಸ. ಮೊದಲು ಕಾಯಿಸಿಪ್ಪೆಯ ಬಣ್ಣದಲ್ಲಿ ಒಂದು ಚೀಲದ ಬಾಯಿ. ಅದರ ಮೇಲೆ ಎಡದಿಂದ ಒಂದೊಂದೇ ಎಕ್ಸ್ ಬೀಳಬೇಕು, ಸೂಜಿ ಹೋದಂತೆ. ಒಂದು ಕೆಂಪು, ತಡೆ, ಸೊನ್ನೆ. ಒಂದು ಹಳದಿ, ತಡೆ, ಸೊನ್ನೆ. ಒಂದೊಂದು ಹೊಲಿಗೆಯ ಹಿಂದೆಯೂ ಸೊನ್ನೆ ಹಾಕಿದೆ. ಹೊಲಿಗೆ ಮುಗಿದ ಮೇಲೆ ಅವರ ಹೆಸರು ದೊಡ್ಡದಾಗಿ ಹಸಿರಿನಲ್ಲಿ ನಿಲ್ಲಬೇಕು. ಅದರ ಕೆಳಗೆ ನನ್ನ ಹೆಸರು, ಕೆಂಪಗೆ, ಮಿಟುಕುತ್ತಾ. ಕೂಗಲು ರುದ್ರಯ್ಯನವರೇ ಬೇಕೆಂದು ಕೇಳಿಕೊಂಡೆ. "ಗಂಟಲು ತುಕ್ಕು ಹಿಡ್ದೈತೆ, ನೋಡನ" ಎಂದರು. ಹಾಗೆಂದವರು ಆ ಬೆಳಿಗ್ಗೆ ಮಡಿಸಿದ ಹೊಸ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು.

ಸಿದ್ದಗಂಗಮ್ಮನವರು ಬಂದರು. ಟೆಂಪೋದಲ್ಲಿ ಅವರದು ಒಂದೇ ಚೀಲ. ಐದು ಹೆಂಗಸರೂ ಇಳಿದು ಅವರಿಂದ ಸ್ವಲ್ಪ ದೂರದಲ್ಲೇ ನಿಂತರು. ಹಜಾರ ತುಂಬಿತ್ತು, ಮೇಷ್ಟ್ರೂ ಇದ್ದರು. ನಾನು ಒಳಗಿನಿಂದ ಕೀಲಿ ಒತ್ತಿ ಬಾಗಿಲಿಗೆ ಬಂದು ನಿಂತೆ.

ಪರದೆಯ ಮೇಲೆ ಚೀಲದ ಬಾಯಿ ಬಂತು. ಒಂದು ಕೆಂಪು ಹೊಲಿಗೆ ಬಿತ್ತು. ಒಂದು ಹಳದಿ. ಮತ್ತೆ ಕೆಂಪು. ನಾಲ್ಕನೆಯ ಹೊಲಿಗೆಗೆ ಆ ಐವರಲ್ಲಿ ಒಬ್ಬರು, "ಗಂಗಕ್ಕ, ಅದು ನಿನ್ ದಾರ ಕಣಕ್ಕ!" ಎಂದರು. ರುದ್ರಯ್ಯನವರು ಆಗ ಕೂಗಿದರು. ಊರು, ಮನೆ, ಅವರ ತಂದೆಯ ಹೆಸರು, ಆಮೇಲೆ ಸಿದ್ದಗಂಗಮ್ಮ ಎಂದು ಒಂದೊಂದಾಗಿ. ಅವತ್ತಿನ ಕೆಂಪು ಸುಳ್ಳು, ಚೀಲ ಬಿಚ್ಚಿಯೇ ಇರಲಿಲ್ಲ, ಬರೆದವರ ತಪ್ಪು ಎಂದೂ ಕೂಗಿದರು. ರಸ್ತೆಯಾಚೆಯ ಟೀ ಅಂಗಡಿಯಿಂದ ಜನ ಎದ್ದುಬಂದರು.

ಸಿದ್ದಗಂಗಮ್ಮನವರು ಕತ್ತೆತ್ತಿ ನೋಡುತ್ತಲೇ ಇದ್ದರು. ಮುಖದಲ್ಲಿ ಏನೂ ಕಾಣಿಸಲಿಲ್ಲ.

"ಮ್ಯಾಲಿಂದು ನಂದು. ಕೆಳಗೆ ಕೆಂಪಗೆ ಮಿಟುಕ್ತಾ ಐತಲ್ಲ, ಅದ್ಯಾರ್ದು?"

ರುದ್ರಯ್ಯನವರು ಅದನ್ನು ಕೂಗಿರಲಿಲ್ಲ.

"ನಂದು ಕಣಮ್ಮ" ಎಂದೆ.

ಅವರು ಪರದೆಯ ಹತ್ತಿರ ಹೋದರು. ಕಾಲ್ಬೆರಳ ಮೇಲೆ ನಿಂತು, ಸೆರಗಿನ ತುದಿಯಿಂದ ಗಾಜನ್ನು ಒರೆಸಿದರು. ಹೆಸರು ಹೋಗಲಿಲ್ಲ. ಇನ್ನೊಮ್ಮೆ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಂಗೆ ಇದು ಬರಲ್ಲ. ನೀನೇ ತೆಗೀ. ಊಟದ್ ಹೊತ್ತಾಯ್ತು, ಊಟದ್ ಹೊತ್ನಾಗೆ ಯಾರ ಹೆಸರೂ ಹಿಂಗೆ ಉರೀಬಾರ್ದು."

ನಾನು ಒಳಗೆ ಓಡಿದೆ. ಕಣ್ಣು ತುಂಬಿ ಕೀಲಿಗಳು ಸರಿಯಾಗಿ ಕಾಣುತ್ತಿರಲಿಲ್ಲ. ಸೊನ್ನೆ ಒತ್ತಿದೆ. ಹೊರಗೆ ಅವರು ಪರೀಕ್ಷೆಯವರಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಈಗ ಬಿಚ್ಚಪ್ಪ ನನ್ ಚೀಲ." ದಾರ ಎಳೆದ ಸದ್ದಾಯಿತು. ಆಮೇಲೆ ಎರಡು ಉಂಡೆಗಳನ್ನು ಒಂದಕ್ಕೊಂದು ಕುಟ್ಟಿದ ಸದ್ದು, ಟಣ್ ಎಂದು, ನಾನಿದ್ದ ಕೋಣೆಯವರೆಗೂ ಬಂತು.